ಟೆಕ್ಸಾಸ್, 1836: ಅದು ಸ್ವಾತಂತ್ರ್ಯ ಹೋರಾಟ ಹೌದೋ ಅಲ್ಲವೋ?

ಟೆಕ್ಸಾಸ್‌ನ ಶಾಲೆಗಳಲ್ಲಿ ಮಕ್ಕಳು ತಮ್ಮ ರಾಜ್ಯದ ಚರಿತ್ರೆಯನ್ನು ಎರಡು ಸಲ ಓದುತ್ತಾರೆ. ನಾಲ್ಕನೇ ತರಗತಿಯಲ್ಲಿ ಒಮ್ಮೆ, ಏಳನೇ ತರಗತಿಯಲ್ಲಿ ಇನ್ನೊಮ್ಮೆ. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಸುತ್ತಮುತ್ತ ಮನೆ ಮಾಡಿರುವ ಕನ್ನಡಿಗರ ಮಕ್ಕಳೂ ಇದನ್ನೇ ಓದುತ್ತಾರೆ. ನಮ್ಮ ಮನೆಯ ಕಪಾಟಿನ ಮೇಲೆ ಮಗಳು ನಾಲ್ಕನೇ ತರಗತಿಯಲ್ಲಿ ಮಾಡಿದ ರಟ್ಟಿನ ಅಲಾಮೊ ಕೋಟೆ ಇನ್ನೂ ಕೂತಿದೆ. ಅವಳ ಪಕ್ಕದಲ್ಲಿ ಕೂತು ಅಂಟು ಹಚ್ಚಿಕೊಟ್ಟವನು ನಾನು. ಆಗ ಈ ಕಥೆ ಓದಲು ಶುರು ಮಾಡಿದೆ, ಇವತ್ತಿಗೂ ಬಿಟ್ಟಿಲ್ಲ.

1836ರಲ್ಲಿ ಮೆಕ್ಸಿಕೊದ ಉತ್ತರದ ಗಡಿ ಪ್ರಾಂತ್ಯ ಬೇರೆ ದೇಶವಾಯಿತು. ಒಂಬತ್ತು ವರ್ಷಕ್ಕೂ ಮೀರಿ ತನ್ನದೇ ಅಧ್ಯಕ್ಷರು, ತನ್ನದೇ ನೋಟು, ತನ್ನದೇ ಬಾವುಟ ಇಟ್ಟುಕೊಂಡು ಬಾಳಿತು. 1845ರ ಡಿಸೆಂಬರ್ 29ರಂದು ಅಮೆರಿಕದ 28ನೇ ರಾಜ್ಯವಾಯಿತು. ಇಷ್ಟು ಎಲ್ಲರೂ ಒಪ್ಪುವ ಮಾತು. ಆದರೆ ಅದನ್ನು ಸ್ವಾತಂತ್ರ್ಯ ಹೋರಾಟ ಅಂತ ಕರೆಯಬಹುದಾ? ಅಲ್ಲಿಂದ ಮುಂದೆ ಜಗಳ.

ನನ್ನೊಳಗೂ ಆ ಜಗಳ ಇದೆ. ಹಾಗಾಗಿ ಎರಡೂ ಕಡೆಯನ್ನು ನಾನೇ ಬರೆದಿದ್ದೇನೆ. ಒಂದು ಕಡೆಗೆ ನನ್ನ ಮನಸ್ಸು ಜಾಸ್ತಿ ವಾಲುತ್ತದೆ. ಅದನ್ನು ಮುಚ್ಚಿಡಲು ಹೋಗಿಲ್ಲ.

ಪರ: ಮಾತು ಮುರಿದವರು ದೂರದ ರಾಜಧಾನಿಯವರು

ಜಮೀನಿನಿಂದಲೇ ಶುರು ಮಾಡೋಣ. 1820ರ ದಶಕದಲ್ಲಿ ಅಮೆರಿಕದಲ್ಲಿ ಸರ್ಕಾರಿ ಜಮೀನು ಬೇಕಾದವರು ಎಕರೆಗೆ ಒಂದೂಕಾಲು ಡಾಲರ್‌ನಂತೆ ನಗದು ಎಣಿಸಬೇಕಿತ್ತು. ಅದೇ ಹೊತ್ತಿಗೆ ಮೆಕ್ಸಿಕೊ ತನ್ನ ಗಡಿಯಲ್ಲಿ ದನ ಸಾಕುವ ಕುಟುಂಬಕ್ಕೆ 4,428 ಎಕರೆ, ಬೇಸಾಯಕ್ಕೆ ಇನ್ನೂ 177 ಎಕರೆ ಕೊಡಲು ತಯಾರಿತ್ತು. ಸುಮ್ನೆ ಕೊಟ್ಟದ್ದಲ್ಲ. ಅಲ್ಲಿ ಮೆಕ್ಸಿಕೊದ ಪ್ರಜೆಗಳು ತೀರ ಕಡಿಮೆ ಇದ್ದರು. ಮೂಲ ನಿವಾಸಿಗಳಾದ ಕೊಮಾಂಚಿ ಸವಾರರ ದಾಳಿಗೆ ಸ್ಯಾನ್ ಆಂಟೋನಿಯೊದಂಥ ಹಳೆಯ ಊರುಗಳು ನಲುಗಿಹೋಗಿದ್ದವು. ಗಡಿಯಲ್ಲಿ ನೆಲೆ ನಿಲ್ಲುವವರು ಬೇಕಾಗಿದ್ದರು. ಸ್ಟೀಫನ್ ಆಸ್ಟಿನ್ ತನ್ನ ತಂದೆ ಪಡೆದಿದ್ದ ಅನುಮತಿ ಹಿಡಿದು ಮುನ್ನೂರು ಕುಟುಂಬಗಳನ್ನು ಕರೆತಂದ. ಬಂದವರು ಮೆಕ್ಸಿಕೊದ ಪ್ರಜೆಗಳಾಗಬೇಕು, ಕ್ಯಾಥೊಲಿಕ್ ಧರ್ಮ ಒಪ್ಪಬೇಕು ಅನ್ನುವುದು ಷರತ್ತು. ಒಪ್ಪಿಯೇ ಬಂದರು.

ಅವರು ಒಪ್ಪಿದ್ದು ಯಾವ ದೇಶಕ್ಕೆ? 1824ರ ಸಂವಿಧಾನದ ಮೆಕ್ಸಿಕೊಗೆ. ಅದು ರಾಜ್ಯಗಳ ಒಕ್ಕೂಟ. ಪ್ರತಿ ರಾಜ್ಯಕ್ಕೂ ತನ್ನ ಶಾಸನಸಭೆ, ತನ್ನ ಕಾನೂನು. ಜನ ಕಡಿಮೆ ಎಂಬ ಕಾರಣಕ್ಕೆ ಟೆಕ್ಸಾಸ್ ಅನ್ನು ಪಕ್ಕದ ಕೊವಾವೀಲಾ ಜೊತೆ ಸೇರಿಸಿ ಒಂದೇ ರಾಜ್ಯ ಮಾಡಿದರು. ಅದೂ ಸದ್ಯಕ್ಕೆ ಮಾತ್ರ. ಟೆಕ್ಸಾಸ್ ತನ್ನ ಕಾಲ ಮೇಲೆ ನಿಲ್ಲುವಷ್ಟು ಬೆಳೆದ ಮೇಲೆ ಬೇರೆ ರಾಜ್ಯ ಮಾಡುತ್ತೇವೆ ಎಂಬ ಮಾತು ಇತ್ತು. ರಾಜಧಾನಿ ಸಾಲ್ಟಿಯೊ, ಸ್ಯಾನ್ ಆಂಟೋನಿಯೊದಿಂದ ಸುಮಾರು 500 ಕಿಲೋಮೀಟರ್ ದೂರ. ಹನ್ನೆರಡು ಜನರ ಶಾಸನಸಭೆಯಲ್ಲಿ ಟೆಕ್ಸಾಸ್‌ಗೆ ಮೊದಲು ಸಿಕ್ಕಿದ್ದು ಒಂದೇ ಒಂದು ಸ್ಥಾನ. ಒಂದು ಮೊಕದ್ದಮೆಯ ಮೇಲ್ಮನವಿಗೂ ಅಷ್ಟು ದೂರ ಕುದುರೆ ಮೇಲೆ ಹೋಗುವುದನ್ನು ನೆನೆಸಿಕೊಳ್ಳಿ.

ದೂರು ಇದ್ದದ್ದು ಬಂದು ನೆಲೆಸಿದವರದ್ದು ಮಾತ್ರ ಅಲ್ಲ. 1832ರ ಡಿಸೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊದ ಊರ ಸಭೆಯೇ ಸರ್ಕಾರಕ್ಕೆ ಒಂದು ಉದ್ದದ ಅಹವಾಲು ಬರೆಯಿತು. ಬರೆದವರು ತೆಹಾನೊಗಳು, ಅಂದರೆ ಟೆಕ್ಸಾಸ್‌ನಲ್ಲಿ ತಲೆಮಾರುಗಳಿಂದ ಇದ್ದ ಸ್ಪ್ಯಾನಿಷ್ ಮಾತಿನ ಜನ. ಅಮೆರಿಕದಿಂದ ಹೊಸಬರು ಬರುವುದನ್ನು ತಡೆದ 1830ರ ಏಪ್ರಿಲ್ 6ರ ಕಾನೂನು ತೆಗೆಯಿರಿ ಅಂತ ಅವರೇ ಕೇಳಿದರು. ಇದು ನನಗೆ ತುಂಬ ಮುಖ್ಯ ಅನಿಸುತ್ತದೆ. ಗಡಿಯ ಜನಕ್ಕೆ ಏನು ಬೇಕು ಅನ್ನುವುದು ಗಡಿಯಲ್ಲಿ ಇದ್ದವರಿಗೆ ಗೊತ್ತಿತ್ತು, ರಾಜಧಾನಿಗೆ ಗೊತ್ತಿರಲಿಲ್ಲ.

ಮುಂದಿನ ವರ್ಷ ಆಸ್ಟಿನ್ ಪ್ರತ್ಯೇಕ ರಾಜ್ಯದ ಮನವಿ ಹಿಡಿದು ಮೆಕ್ಸಿಕೊ ಸಿಟಿಗೆ ಹೋದ. ಕೇಳಿದ್ದು ಬೇರೆ ದೇಶವಲ್ಲ, ಮೆಕ್ಸಿಕೊ ಒಳಗೇ ಬೇರೆ ರಾಜ್ಯ. ಊರಿಗೆ ಮರಳುವ ದಾರಿಯಲ್ಲಿ, 1834ರ ಜನವರಿಯಲ್ಲಿ, ಅವನನ್ನು ಹಿಡಿದು ಜೈಲಿಗೆ ಹಾಕಿದರು. ಮತ್ತೆ ಟೆಕ್ಸಾಸ್ ಮಣ್ಣು ತುಳಿಯುವ ಹೊತ್ತಿಗೆ 1835ರ ಬೇಸಿಗೆ ಮುಗಿಯುತ್ತಾ ಬಂದಿತ್ತು. ಅಷ್ಟರವರೆಗೂ ಯುದ್ಧ ಬೇಡ, ತಾಳಿಕೊಳ್ಳೋಣ ಅನ್ನುತ್ತಿದ್ದವನು ಅವನೇ.

ಇತ್ತ ಮೆಕ್ಸಿಕೊದ ಜನರಲ್ ಸಾಂಟಾ ಆನಾ ಒಕ್ಕೂಟದ ಹೆಸರಲ್ಲಿ ಗದ್ದುಗೆ ಏರಿ, ಅದೇ ಒಕ್ಕೂಟವನ್ನು ಕಿತ್ತುಹಾಕಿದ. ರಾಜ್ಯಗಳ ದಂಡನ್ನು ಕಡಿತ ಮಾಡಿದ. ಒಪ್ಪದ ಸಕಾಟೆಕಸ್ ರಾಜ್ಯದ ಮೇಲೆ 1835ರ ಮೇ ತಿಂಗಳಲ್ಲಿ ದಂಡೆತ್ತಿ ಹೋಗಿ ಊರನ್ನು ಲೂಟಿಗೆ ಬಿಟ್ಟ. ಸಕಾಟೆಕಸ್‌ನ ಜಗಳ ಆಂಗ್ಲೋಗಳದ್ದಲ್ಲ, ಅಂದರೆ ಅಮೆರಿಕದಿಂದ ಬಂದು ನೆಲೆಸಿದ ಇಂಗ್ಲಿಷ್ ಮಾತಿನವರದ್ದಲ್ಲ. ಮುಂದೆ ಯುಕಟಾನ್ ಕೂಡ ಇದೇ ಕಾರಣಕ್ಕೆ ಸಿಡಿದು ಬೇರೆಯಾಯಿತು. 1840ರಲ್ಲಿ ರಿಯೊ ಗ್ರಾಂಡೆ ತೀರದವರೂ ತಮ್ಮದೊಂದು ಗಣರಾಜ್ಯ ಸಾರಿದರು. ಟೆಕ್ಸಾಸ್ ಜಗಳ ಒಂದು ದೊಡ್ಡ ಜಗಳದ ತುಂಡು. ಇದನ್ನು ಮರೆತು ಬರೀ ಪರದೇಶಿಗಳ ಕುತಂತ್ರ ಅಂದರೆ ಸಕಾಟೆಕಸ್‌ನ ಸತ್ತವರಿಗೆ ಏನು ಹೇಳೋಣ?

1835ರ ಅಕ್ಟೋಬರ್ 2ರಂದು ಗೊನ್ಜಾಲೆಸ್ ಊರಿನಲ್ಲಿ ಮೊದಲ ಗುಂಡು ಹಾರಿತು. ಜಗಳ ಒಂದು ಸಣ್ಣ ಫಿರಂಗಿಯದ್ದು. ದಾಳಿಕೋರರಿಂದ ಊರು ಕಾಯಿರಿ ಅಂತ ಸರ್ಕಾರವೇ 1831ರಲ್ಲಿ ಕೊಟ್ಟಿದ್ದ ಫಿರಂಗಿ. ಈಗ ವಾಪಸು ಕೇಳಿದರು. ಊರವರು ಬಟ್ಟೆ ಮೇಲೆ ಫಿರಂಗಿಯ ಚಿತ್ರ ಬರೆದು, ಕೆಳಗೆ ‘ಬಂದು ತಗೊಳ್ಳಿ’ ಅಂತ ಬರೆದು ಎತ್ತಿ ಹಿಡಿದರು. ಆಗಲೂ ಸ್ವಾತಂತ್ರ್ಯದ ಮಾತಿಲ್ಲ. ನವೆಂಬರ್‌ನಲ್ಲಿ ಸೇರಿದ ಸಭೆ, ನಾವು ಹೋರಾಡುತ್ತಿರುವುದು 1824ರ ಸಂವಿಧಾನಕ್ಕಾಗಿ ಅಂತಲೇ ಸಾರಿತು. ಸಾಂಟಾ ಆನಾ ಸಾವಿರಾರು ಸೈನಿಕರೊಂದಿಗೆ ಗಡಿ ದಾಟಿ ಬಂದ ಮೇಲಷ್ಟೇ, 1836ರ ಮಾರ್ಚ್ 2ರಂದು, ಬ್ರಾಜೋಸ್ ನದಿ ದಡದ ಸಭೆಯಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಒಪ್ಪಿದರು, ಆಮೇಲೆ ಅದಕ್ಕೆ ಸಹಿ ಬಿತ್ತು.

ಆ ಸಹಿಗಳಲ್ಲಿ ಒಂದು ಲೊರೆಂಜೊ ಡಿ ಜವಾಲಾ ಅವರದು. 1824ರ ಮೆಕ್ಸಿಕೊ ಸಂವಿಧಾನಕ್ಕೆ ಸಹಿ ಬಿದ್ದಾಗ ಆ ಸಭೆಯ ಅಧ್ಯಕ್ಷರಾಗಿದ್ದವರು ಇವರೇ! ತಾವೇ ನಿಂತು ಕಟ್ಟಿದ ಮನೆಯನ್ನು ಬೇರೆಯವನು ಕೆಡವಿದ ಮೇಲೆ ಬೇರೆ ಮನೆ ಹುಡುಕಿದವರು. ಹೊಸ ದೇಶದ ಮೊದಲ ಉಪಾಧ್ಯಕ್ಷರೂ ಅವರೇ ಆದರು. ಇನ್ನೆರಡು ಸಹಿ ಹೊಸೆ ಅಂತೋನಿಯೊ ನವಾರೊ ಮತ್ತು ಹೊಸೆ ಫ್ರಾನ್ಸಿಸ್ಕೊ ರೂಯಿಸ್ ಅವರವು, ಸ್ಯಾನ್ ಆಂಟೋನಿಯೊದವರು. ಸೋತರೆ ಇವರಿಗೆ ಓಡಿಹೋಗಲು ಅಮೆರಿಕದಲ್ಲಿ ತವರಿರಲಿಲ್ಲ.

ಸ್ಯಾನ್ ಆಂಟೋನಿಯೊದ ಅಲಾಮೊ ಕೋಟೆ ಸಾಂಟಾ ಆನಾನ ದಂಡನ್ನು ಹದಿಮೂರು ದಿನ ತಡೆದುಕೊಂಡು ಮಾರ್ಚ್ 6ರ ಬೆಳಗಿನ ಜಾವ ಬಿತ್ತು. ಒಳಗಿದ್ದ ಸುಮಾರು ಇನ್ನೂರು ಜನ ಸತ್ತರು. ಅವರಲ್ಲಿ ಗ್ರೆಗೋರಿಯೊ ಎಸ್ಪಾರ್ಸಾ ಎಂಬ ತೆಹಾನೊ ಒಬ್ಬ. ಅವನ ಸಹೋದರ ಎದುರಿನ ದಂಡಿನ ಕಡೆಯವನು. ಉಳಿದ ಹೆಣಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಆ ಸಹೋದರ ಬೇಡಿಕೊಂಡು ಗ್ರೆಗೋರಿಯೊನ ಹೆಣ ಪಡೆದು ಮಣ್ಣು ಮಾಡಿದ. ಮೂರು ವಾರದ ಮೇಲೆ ಗೋಲಿಯಾಡ್‌ನಲ್ಲಿ ಶರಣಾದ ಮುನ್ನೂರಕ್ಕೂ ಹೆಚ್ಚು ಸೆರೆಯಾಳುಗಳನ್ನು ಸಾಂಟಾ ಆನಾ ಆಜ್ಞೆಯಂತೆ ಗುಂಡಿಟ್ಟು ಕೊಂದರು. ಏಪ್ರಿಲ್ 21ರಂದು ಸ್ಯಾನ್ ಜಸಿಂಟೊದಲ್ಲಿ ಸ್ಯಾಮ್ ಹ್ಯೂಸ್ಟನ್‌ನ ಒಂಬೈನೂರು ಜನರ ದಂಡು ಮಧ್ಯಾಹ್ನದ ಹೊತ್ತು ಸಾಂಟಾ ಆನಾನ ದಂಡಿನ ಮೇಲೆ ಬಿದ್ದಾಗ, ಹದಿನೆಂಟು ನಿಮಿಷದಲ್ಲಿ ಕಾಳಗ ಮುಗಿಯಿತು, ಟೆಕ್ಸಾಸ್ ಗೆದ್ದಿತು. ಆ ದಂಡಿನಲ್ಲಿ ಹ್ವಾನ್ ಸೆಗೀನ್ ಎಂಬ ತೆಹಾನೊ ನಾಯಕನ ತುಕಡಿಯೂ ಇತ್ತು. ತಮ್ಮವರೇ ಶತ್ರು ಅಂದುಕೊಂಡು ಹೊಡೆಯಬಾರದು ಅಂತ ಅವರು ಟೋಪಿಗೆ ರಟ್ಟಿನ ಚೂರು ಸಿಕ್ಕಿಸಿಕೊಂಡು ಕಾದಿದರು.

ಇನ್ನು ರಾಜ್ಯವಾದ ಕಥೆ. ಅಮೆರಿಕ ನುಂಗಿತು ಅನ್ನುತ್ತಾರೆ. ಆದರೆ ಕಾಲಕ್ರಮ ನೋಡಿ. 1836ರ ಸೆಪ್ಟೆಂಬರ್‌ನಲ್ಲೇ ಟೆಕ್ಸಾಸ್ ಮತದಾರರು ಅಮೆರಿಕಕ್ಕೆ ಸೇರೋಣ ಅಂತ ಹೇಳಿಬಿಟ್ಟಿದ್ದರು. ಪರ ಮೂರು ಸಾವಿರಕ್ಕೂ ಜಾಸ್ತಿ ಮತ, ವಿರುದ್ಧ ನೂರೂ ಇಲ್ಲ. ಬೇಡ ಅಂದದ್ದು ಅಮೆರಿಕ. ಒಂಬತ್ತು ವರ್ಷ ಬಾಗಿಲಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಹೊಸ ದೇಶದ ಸಾಲ ಒಂದು ಕೋಟಿ ಡಾಲರ್ ಮುಟ್ಟಿತ್ತು. ನೋಟಿಗೆ ಕಾಗದದ ಬೆಲೆಯೂ ಇರಲಿಲ್ಲ. 1842ರಲ್ಲಿ ಮೆಕ್ಸಿಕೊದ ದಂಡು ಎರಡು ಸಲ ಬಂದು ಸ್ಯಾನ್ ಆಂಟೋನಿಯೊ ಹಿಡಿದು ಹೋಯಿತು. ಸಾಲ, ಭಯ ಎರಡೂ ಹೆಗಲ ಮೇಲಿದ್ದ ಪುಟ್ಟ ದೇಶ ದೊಡ್ಡ ಒಕ್ಕೂಟ ಸೇರಿತು. ಸೇರುವಾಗಲೂ ತನ್ನ ಸರ್ಕಾರಿ ಜಮೀನನ್ನು ತನ್ನ ಹತ್ತಿರವೇ ಉಳಿಸಿಕೊಂಡಿತು. ಬೇರೆ ಹೊಸ ರಾಜ್ಯಗಳಲ್ಲಿ ಆ ಜಮೀನು ಕೇಂದ್ರದ್ದು. ಮುಂದೆ ಅದರಲ್ಲಿ ಒಂದು ಭಾಗವನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟರು. 1923ರಲ್ಲಿ ಆ ನೆಲದಲ್ಲಿ ಎಣ್ಣೆ ಚಿಮ್ಮಿತು. ಇವತ್ತು ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಹುಡುಗ ಹುಡುಗಿಯರೂ ಆ ಒಂದು ಷರತ್ತಿನ ಫಲ ಉಣ್ಣುತ್ತಿದ್ದಾರೆ.

ಗುಲಾಮಗಿರಿ ಇತ್ತಲ್ಲ ಅಂತ ಕೇಳುತ್ತೀರಿ. ಇತ್ತು. ಅದು ಪಾಪ, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ 1776ರ ಅಮೆರಿಕದ ಹೋರಾಟಗಾರರೂ ಗುಲಾಮರನ್ನು ಇಟ್ಟುಕೊಂಡಿದ್ದರು. ಅವರದನ್ನು ಸ್ವಾತಂತ್ರ್ಯ ಹೋರಾಟ ಅನ್ನಲು ಯಾರೂ ಹಿಂಜರಿಯುವುದಿಲ್ಲ. ಹೋರಾಡಿದವರೆಲ್ಲ ಶುದ್ಧ ಕೈಯವರೇ ಆಗಿರಬೇಕು ಅಂತ ಹಟ ಹಿಡಿದರೆ, ಲೋಕದಲ್ಲಿ ಸ್ವಾತಂತ್ರ್ಯ ಹೋರಾಟ ಅನ್ನಿಸಿಕೊಳ್ಳುವುದು ಒಂದೂ ಉಳಿಯಲಾರದು. ಸಾಂಟಾ ಆನಾನ ದಬ್ಬಾಳಿಕೆ ನಿಜ. ಅದಕ್ಕೆ ಎದೆಯೊಡ್ಡಿದವರ ಸಾವೂ ನಿಜ.

ವಿರೋಧ: ಗೆದ್ದವರು ಬರೆದ ಮೊದಲ ಕಾನೂನು ಓದಿ

ಒಂದು ಹೋರಾಟ ಏನೇನು ದೂರು ಹೇಳಿತು ಅನ್ನುವುದರಿಂದ ಅದರ ಒಳಗು ತಿಳಿಯುವುದಿಲ್ಲ. ದೂರು ಹೇಳುವಾಗ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ಕಾನೂನು ಬರೆಯುವ ಲೇಖನಿ ಕೈಗೆ ಬಂದಾಗ ಏನು ಬರೆದರು ಅಂತ ನೋಡಬೇಕು.

ಟೆಕ್ಸಾಸ್ ಗಣರಾಜ್ಯದ ಸಂವಿಧಾನ ಸಿದ್ಧವಾದದ್ದು 1836ರ ಮಾರ್ಚ್ 17ಕ್ಕೆ. ಅಲಾಮೊ ಬಿದ್ದು ಹನ್ನೊಂದು ದಿನ. ಶತ್ರುವಿನ ದಂಡು ಮುಂದೊತ್ತಿ ಬರುತ್ತಿದೆ, ಹೆಂಗಸರು ಮಕ್ಕಳು ಗಾಡಿ ಕಟ್ಟಿಕೊಂಡು ಕೆಸರಲ್ಲಿ ಪೂರ್ವಕ್ಕೆ ಓಡುತ್ತಿದ್ದಾರೆ. ಅಂಥ ಅವಸರದಲ್ಲೂ ಒಂದು ವಿಷಯವನ್ನು ಬಿಡದೆ, ಬಿಡಿಬಿಡಿಯಾಗಿ ಬರೆದರು. ಅದರ ಸಾಮಾನ್ಯ ಭಾಗದ ಒಂಬತ್ತನೇ ಕಲಮು ಹೀಗಿದೆ. ಟೆಕ್ಸಾಸ್‌ಗೆ ಬರುವ ಮೊದಲೇ ಆಜೀವ ಗುಲಾಮರಾಗಿದ್ದು ಈಗ ಜೀತದಲ್ಲಿರುವ ಕಪ್ಪು ಜನರೆಲ್ಲ ಗುಲಾಮರಾಗಿಯೇ ಇರಬೇಕು. ಹೊಸಬರು ತಮ್ಮ ಗುಲಾಮರನ್ನು ತರುವುದನ್ನು ಕಾಂಗ್ರೆಸ್, ಅಂದರೆ ಹೊಸ ದೇಶದ ಸಂಸತ್ತು, ತಡೆಯುವಂತಿಲ್ಲ. ಗುಲಾಮರನ್ನು ಬಿಡುಗಡೆ ಮಾಡುವ ಅಧಿಕಾರ ಕಾಂಗ್ರೆಸ್ಸಿಗಿಲ್ಲ. ಒಡೆಯನಿಗೇ ಮನಸ್ಸು ಕರಗಿ ಬಿಟ್ಟುಬಿಡುತ್ತೇನೆ ಅಂದರೂ, ಗುಲಾಮನನ್ನು ದೇಶದಿಂದ ಆಚೆ ಕಳಿಸದಿದ್ದರೆ ಕಾಂಗ್ರೆಸ್ ಒಪ್ಪಿಗೆ ಬೇಕು. ಸ್ವತಂತ್ರರಾಗಿರುವ ಆಫ್ರಿಕನ್ ಮೂಲದವರು ಕಾಂಗ್ರೆಸ್ ಒಪ್ಪಿಗೆಯಿಲ್ಲದೆ ಅಲ್ಲಿ ನೆಲೆಸುವಂತೆಯೇ ಇಲ್ಲ. ಮುಂದಿನ ಕಲಮು ಪೌರತ್ವದಿಂದ ಅವರನ್ನೂ ಮೂಲ ನಿವಾಸಿಗಳನ್ನೂ ಹೊರಗಿಟ್ಟಿತು.

1776ರ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಅಲ್ಲಿ ಗುಲಾಮಗಿರಿ ಇದ್ದ ದೇಶ ಸ್ವತಂತ್ರವಾಯಿತು. ಇಲ್ಲಿ ಗುಲಾಮಗಿರಿಗೆ ಬೇಲಿ ಹಾಕುತ್ತಿದ್ದ ದೇಶದಿಂದ ಒಂದು ತುಂಡು ಬೇರೆಯಾಗಿ, ಆ ಬೇಲಿ ಕಿತ್ತಿತು. ಎರಡೂ ಒಂದೇ ಅಲ್ಲ.

ಬೇಲಿ ಹೇಗಿತ್ತು ಅಂದರೆ, ಅದರ ಕಥೆಯೂ ನೇರವಾಗಿಲ್ಲ. 1827ರ ಕೊವಾವೀಲಾ-ಟೆಕ್ಸಾಸ್ ಸಂವಿಧಾನ ಮುಂದೆ ಯಾರೂ ಗುಲಾಮರಾಗಿ ಹುಟ್ಟುವುದಿಲ್ಲ ಅಂದಿತು. ಆರು ತಿಂಗಳ ನಂತರ ಹೊಸ ಗುಲಾಮರನ್ನು ತರುವಂತಿಲ್ಲ ಅಂತಲೂ ಅಂದಿತು. ಒಡೆಯರು ದಾರಿ ಹುಡುಕಿದರು. ಗಡಿ ದಾಟುವ ಮೊದಲು ಗುಲಾಮನ ಕೈಗುರುತು ಹಾಕಿಸಿಕೊಂಡ ಒಂದು ಕರಾರು ಪತ್ರ. ಅವನು ಗುಲಾಮನಲ್ಲ, ತನ್ನ ಬೆಲೆ ತೀರಿಸುವ ತನಕ ದುಡಿಯುವ ಆಳು. ಅವಧಿ ಎಷ್ಟು? 99 ವರ್ಷ. ಜೀತ ಕಂಡ ನೆಲದಿಂದ ಬಂದ ನಮಗೆ ಈ ಕಾಗದ ಹೊಸದಲ್ಲ. ಸಾಲ ತೀರುವುದಿಲ್ಲ, ಆಳು ಸಾಯುತ್ತಾನೆ, ಸಾಲ ಮಗನಿಗೆ ಬರುತ್ತದೆ. 1829ರಲ್ಲಿ ಅಧ್ಯಕ್ಷ ಗೆರೆರೊ ಇಡೀ ಮೆಕ್ಸಿಕೊದಲ್ಲಿ ಗುಲಾಮಗಿರಿ ರದ್ದು ಅಂತ ಆಜ್ಞೆ ಹೊರಡಿಸಿದ. ಟೆಕ್ಸಾಸ್‌ನವರು ಗೋಗರೆದು ಅದೇ ವರ್ಷದ ಕೊನೆಗೆ ತಮಗೆ ವಿನಾಯಿತಿ ಪಡೆದರು. ಸ್ಯಾನ್ ಆಂಟೋನಿಯೊದ ದೊಡ್ಡ ಮನೆತನಗಳೂ ಅದಕ್ಕೆ ಕೈಜೋಡಿಸಿದವು. ಹತ್ತಿಯ ದುಡ್ಡಿನ ಆಸೆ ಅವರಿಗೂ ಇತ್ತು.

ಆಸ್ಟಿನ್ ತಾಳ್ಮೆಯ ಮನುಷ್ಯ, ಒಪ್ಪುತ್ತೇನೆ. ಆದರೆ ಅವನ ಮೊದಲ ಯೋಜನೆಯಲ್ಲೇ, ಗುಲಾಮರನ್ನು ಕರೆತಂದವನಿಗೆ ತಲೆಗೆ 80 ಎಕರೆಯಂತೆ ಹೆಚ್ಚು ಜಮೀನು ಇತ್ತು. 1825ರಲ್ಲಿ ಅವನ ವಸಾಹತಿನಲ್ಲಿದ್ದ ಸುಮಾರು 1,800 ಜನರಲ್ಲಿ 443 ಮಂದಿ ಗುಲಾಮರು. 1833ರ ಒಂದು ಪತ್ರದಲ್ಲಿ ಅವನೇ ಬರೆದ: ಟೆಕ್ಸಾಸ್ ಗುಲಾಮರ ನಾಡಾಗಲೇಬೇಕು. ಪ್ರತ್ಯೇಕ ರಾಜ್ಯದ ಮನವಿ ಹಿಡಿದು ಮೆಕ್ಸಿಕೊ ಸಿಟಿಗೆ ಹೊರಟದ್ದೂ ಅದೇ ವರ್ಷ. ಪ್ರತ್ಯೇಕ ರಾಜ್ಯ ಬಂದರೆ ಕಾನೂನು ಬರೆಯುವ ಕೈ ತಮ್ಮದಾಗುತ್ತದೆ. ಆ ಕೈ ಏನು ಬರೆಯುತ್ತಿತ್ತು ಅಂತ ಮೂರು ವರ್ಷದ ಮೇಲೆ ನೋಡಿದೆವು.

ಗುಲಾಮರಿಗೆ ಇದು ಯಾರ ಯುದ್ಧ ಅಂತ ಗೊತ್ತಿತ್ತು. 1835ರ ಅಕ್ಟೋಬರ್‌ನಲ್ಲಿ, ಗೊನ್ಜಾಲೆಸ್‌ನ ಫಿರಂಗಿ ಸದ್ದು ಆರುವ ಮೊದಲೇ, ಬ್ರಾಜೋಸ್ ನದಿಯ ಹತ್ತಿ ತೋಟಗಳಲ್ಲಿ ಅವರು ದಂಗೆ ಏಳಲು ನೋಡಿದರು. ಹತ್ತಿರ ಹತ್ತಿರ ನೂರು ಜನರನ್ನು ಹಿಡಿದರು. ಹಲವರಿಗೆ ಸಾಯುವಂತೆ ಚಾಟಿ ಏಟು, ಕೆಲವರಿಗೆ ನೇಣು. ಸ್ವಾತಂತ್ರ್ಯ ಕೇಳಿ ಆ ವರ್ಷ ಟೆಕ್ಸಾಸ್‌ನಲ್ಲಿ ಸತ್ತವರ ಪಟ್ಟಿ ಮಾಡಿದರೆ ಇವರ ಹೆಸರು ಮೊದಲು ಬರಬೇಕು. ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಹೋರಾಟದ ಒಳಗಿದ್ದ ಕಪ್ಪು ಮನುಷ್ಯನೊಬ್ಬನ ಹೆಸರು ಉಳಿದಿದೆ. ಸ್ಯಾಮ್ಯುಯೆಲ್ ಮೆಕ್‌ಕಲಕ್. ಅವನು ಗುಲಾಮನಲ್ಲ, ಸ್ವತಂತ್ರ. 1835ರ ಅಕ್ಟೋಬರ್ 9ರಂದು ಗೋಲಿಯಾಡ್ ಹಿಡಿಯುವಾಗ ಭುಜಕ್ಕೆ ಗುಂಡು ತಗುಲಿತು. ಟೆಕ್ಸಾಸ್ ಕಡೆ ಗಾಯಗೊಂಡ ಮೊದಲನೆಯವನು ಅವನೇ. ಗೆದ್ದ ಮೇಲೆ ಅವನಿಗೆ ಏನು ಸಿಕ್ಕಿತು? ತಾನು ರಕ್ತ ಸುರಿಸಿದ ನೆಲದಲ್ಲಿ ವಾಸ ಮಾಡಲು ಅನುಮತಿ ಕೊಡಿ ಅಂತ ಕಾಂಗ್ರೆಸ್ಸಿಗೆ ಅರ್ಜಿ ಹಾಕುವ ಗತಿ. ಒಮ್ಮೆ ಅಲ್ಲ. 1840ರಲ್ಲಿ ಸ್ವತಂತ್ರ ಕಪ್ಪು ಜನ ಎರಡು ವರ್ಷದೊಳಗೆ ದೇಶ ಬಿಡಬೇಕು, ಇಲ್ಲದಿದ್ದರೆ ಹರಾಜು ಅನ್ನುವ ಕಾನೂನು ಬಂದಾಗ ಮತ್ತೆ ಅರ್ಜಿ. ಈ ಒಂದು ಸಂಗತಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಗಳ ರಟ್ಟಿನ ಕೋಟೆಯನ್ನು ಕೆಳಗಿಳಿಸಿಬಿಡೋಣ ಅನಿಸಿತ್ತು.

ತೆಹಾನೊಗಳೂ ಜೊತೆಗಿದ್ದರು ಅನ್ನುವುದು ಪರ ವಾದದ ದೊಡ್ಡ ಬಲ. ಅವರ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಘೋಷಣೆಗೆ ಸಹಿ ಹಾಕಿದ 59 ಜನರಲ್ಲಿ ಟೆಕ್ಸಾಸ್‌ನಲ್ಲೇ ಹುಟ್ಟಿದವರು ನವಾರೊ, ರೂಯಿಸ್ ಇಬ್ಬರೇ. ಇನ್ನು ಸೆಗೀನ್. ಅಲಾಮೊದಿಂದ ಸಹಾಯ ಕೇಳುವ ಕಾಗದ ಹೊತ್ತು ಹೊರಬಂದವನು, ಸ್ಯಾನ್ ಜಸಿಂಟೊದಲ್ಲಿ ಕಾದವನು, 1837ರಲ್ಲಿ ಅಲಾಮೊ ಬೂದಿಯನ್ನು ಒಟ್ಟುಮಾಡಿ ಗೌರವದಿಂದ ಮಣ್ಣು ಮಾಡಿದವನು. ಆಮೇಲೆ ಸ್ಯಾನ್ ಆಂಟೋನಿಯೊದ ಮೇಯರ್ ಆದ. ಹೊಸದಾಗಿ ಬಂದು ಜಮೀನು ಕಬಳಿಸುತ್ತಿದ್ದವರಿಗೆ ಅವನು ಅಡ್ಡಿ. 1842ರಲ್ಲಿ ಮೆಕ್ಸಿಕೊ ದಂಡು ಬಂದು ಹೋದಾಗ ದ್ರೋಹಿ ಅಂತ ಹಣೆಪಟ್ಟಿ ಹಚ್ಚಿದರು. ಜೀವ ಉಳಿಸಿಕೊಳ್ಳಲು ತಾನು ಯಾರ ವಿರುದ್ಧ ಹೋರಾಡಿದ್ದನೋ ಆ ಮೆಕ್ಸಿಕೊಗೇ ಓಡಬೇಕಾಯಿತು. ಹುಟ್ಟಿದ ನೆಲದಲ್ಲೇ ಪರದೇಶಿಯಾದೆ ಅಂತ ಮುಂದೆ ಬರೆದುಕೊಂಡ. ಅವನ ನಂತರ ಆ ಊರಿಗೆ ಸ್ಪ್ಯಾನಿಷ್ ಮೂಲದ ಇನ್ನೊಬ್ಬ ಮೇಯರ್ ಚುನಾಯಿತರಾಗಿ ಬಂದದ್ದು 1981ರಲ್ಲಿ, ಹೆನ್ರಿ ಸಿಸ್ನೆರೊಸ್. ನೂರ ನಲವತ್ತು ವರ್ಷ ಹತ್ತಿರ! ಟೋಪಿಯ ರಟ್ಟಿನ ಚೂರು ಒಂದು ಮಧ್ಯಾಹ್ನ ಕಾಪಾಡಿತು, ಅಷ್ಟೇ.

ಮೂಲ ನಿವಾಸಿಗಳಾದ ಚೆರೋಕಿಗಳ ಕಥೆಯೂ ಇದೇ ಜಾಡಿನದು. ಯುದ್ಧದಲ್ಲಿ ಅವರು ಮೆಕ್ಸಿಕೊ ಕಡೆ ಸೇರದಿರಲಿ ಅಂತ 1836ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ಅವರ ಜೊತೆ ಒಪ್ಪಂದ ಮಾಡಿದ, ಜಮೀನು ನಿಮ್ಮದೇ ಅಂತ ಬರೆದುಕೊಟ್ಟ. ಗೆದ್ದ ಮೇಲೆ ಸೆನೆಟ್ ಅದನ್ನು ತಳ್ಳಿಹಾಕಿತು. ಎರಡನೇ ಅಧ್ಯಕ್ಷ ಲಮಾರ್ 1839ರ ಜುಲೈನಲ್ಲಿ ದಂಡು ಕಳಿಸಿ ಅವರನ್ನು ಓಡಿಸಿದ. ಎಂಬತ್ತು ದಾಟಿದ ಮುಖಂಡ ದುವಾಲಿ ನೆಚೆಸ್ ನದಿಯ ಹತ್ತಿರ ಸತ್ತ. ಕೊಟ್ಟ ಮಾತು ಮುರಿದರು ಅಂತ ಮೆಕ್ಸಿಕೊ ಮೇಲೆ ದೂರಿದವರೇ ಇವರು, ಅಲ್ವಾ?

ಅಮೆರಿಕ ಒಂಬತ್ತು ವರ್ಷ ಯಾಕೆ ಬಾಗಿಲಲ್ಲಿ ನಿಲ್ಲಿಸಿತು ಅಂತ ಕೇಳಿದರೆ ಉಳಿದದ್ದೂ ಬಿಡಿಸಿಕೊಳ್ಳುತ್ತದೆ. ಮೆಕ್ಸಿಕೊ ಜೊತೆ ಯುದ್ಧವಾದೀತು ಅನ್ನುವುದು ಒಂದು ಭಯ. ಇನ್ನೊಂದು, ಇಷ್ಟು ದೊಡ್ಡ ಗುಲಾಮ ರಾಜ್ಯ ಒಳಗೆ ಬಂದರೆ ಉತ್ತರ ದಕ್ಷಿಣದ ತೂಕ ತಪ್ಪುತ್ತದೆ ಅನ್ನುವುದು. 1844ರಲ್ಲಿ ಸೇರ್ಪಡೆಯ ಒಪ್ಪಂದ ಸೆನೆಟ್ ಮುಂದೆ ಬಂತು. ಅದನ್ನು ತಂದ ವಿದೇಶಾಂಗ ಕಾರ್ಯದರ್ಶಿ ಕ್ಯಾಲ್ಹೂನ್, ಗುಲಾಮಗಿರಿಯನ್ನು ಕಾಯುವುದಕ್ಕೇ ಟೆಕ್ಸಾಸ್ ಬೇಕು ಅನ್ನುವ ಅರ್ಥದ ಪತ್ರವನ್ನು ಬ್ರಿಟನ್ನಿನ ರಾಯಭಾರಿಗೆ ಬರೆದಿದ್ದ. ಒಪ್ಪಂದ 35-16 ಮತಗಳಿಂದ ಬಿತ್ತು. ಆಮೇಲೆ ಎರಡೂ ಸದನಗಳ ಜಂಟಿ ನಿರ್ಣಯದ ದಾರಿ ಹಿಡಿದು 1845ರಲ್ಲಿ ಸೇರಿಸಿಕೊಂಡರು. 1846ರ ಫೆಬ್ರವರಿ 19ರಂದು ಕೊನೆಯ ಅಧ್ಯಕ್ಷ ಆನ್ಸನ್ ಜೋನ್ಸ್ ಬಾವುಟ ಇಳಿಸಿ, ಟೆಕ್ಸಾಸ್ ಗಣರಾಜ್ಯ ಇನ್ನಿಲ್ಲ ಅಂದ. ಅದರ ಹಿಂದೆಯೇ ಮೆಕ್ಸಿಕೊ ಯುದ್ಧ. ಯುದ್ಧ ಮುಗಿದಾಗ ಮೆಕ್ಸಿಕೊ ತನ್ನ ಉತ್ತರದ ಅರ್ಧ ನಾಡು ಕಳೆದುಕೊಂಡಿತ್ತು.

ಟೆಕ್ಸಾಸ್‌ನಲ್ಲಿ 1836ಕ್ಕೆ ಸುಮಾರು 5,000 ಗುಲಾಮರಿದ್ದರು. 1860ರ ಜನಗಣತಿಯಲ್ಲಿ ಅವರ ಸಂಖ್ಯೆ 1,82,566. ಮರುವರ್ಷ ಅಮೆರಿಕದ ಒಕ್ಕೂಟ ಗುಲಾಮಗಿರಿಗೆ ಅಡ್ಡ ಬರುತ್ತದೆ ಅನಿಸಿದಾಗ ಅದರಿಂದಲೂ ಹೊರಬಂದರು. ಕಾರಣವನ್ನು ತಾವೇ ಬರೆದು ಸಾರಿದರು. ಆಗ ರಾಜ್ಯಪಾಲನಾಗಿದ್ದವನು ಅದೇ ಸ್ಯಾಮ್ ಹ್ಯೂಸ್ಟನ್. ಹೊಸ ಪ್ರಮಾಣ ಮಾಡಲು ಒಪ್ಪದೆ ಕುರ್ಚಿ ಕಳೆದುಕೊಂಡ. ಅವನೂ ಗುಲಾಮರ ಒಡೆಯನೇ, ಆದರೂ ಆ ದಿನ ಅವನು ಮಾಡಿದ್ದು ದೊಡ್ಡ ಕೆಲಸ. ಗುಲಾಮಗಿರಿ ಮುಗಿಯಿತು ಅನ್ನುವ ಆಜ್ಞೆ ಗಾಲ್ವೆಸ್ಟನ್‌ನಲ್ಲಿ ಸಾರಿದ್ದು 1865ರ ಜೂನ್ 19ಕ್ಕೆ. ಇವತ್ತು ಆ ದಿನ ಇಡೀ ಅಮೆರಿಕಕ್ಕೆ ರಜೆ. ಟೆಕ್ಸಾಸ್‌ನ ಸ್ವಾತಂತ್ರ್ಯ ದಿನ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನಮ್ಮಲ್ಲೂ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರೆಲ್ಲ ಜಾತಿ ಬಿಟ್ಟವರಲ್ಲ. ಎಷ್ಟೋ ಮಂದಿ ಖಾದಿ ಉಟ್ಟು ಜೈಲಿಗೆ ಹೋಗಿ ಬಂದು, ಮನೆಯ ಹಿತ್ತಿಲಲ್ಲಿ ಬೇರೆ ಲೋಟ ಇಟ್ಟವರು. ಆದರೂ ಲೇಖನಿ ಕೈಗೆ ಬಂದಾಗ ಸಂವಿಧಾನದಲ್ಲಿ 17ನೇ ವಿಧಿ ಬರೆದೆವು, ಅಸ್ಪೃಶ್ಯತೆ ರದ್ದು ಅಂತ. ಪಾಲನೆ ಪೂರ್ತಿ ಆಗಿಲ್ಲ, ನನಗೂ ಗೊತ್ತು. ಬರೆದದ್ದು ಮಾತ್ರ ಬಾಗಿಲು ತೆರೆಯುವ ಮಾತು. 1836ರವರು ಬರೆದದ್ದು ಬೀಗ.

ಹ್ಯೂಸ್ಟನ್ ಹತ್ತಿರ ಸ್ಯಾನ್ ಜಸಿಂಟೊ ಬಯಲಿನಲ್ಲಿ 567 ಅಡಿ ಎತ್ತರದ ಸ್ಮಾರಕ ಕಂಬ ಇದೆ. ಮಗಳನ್ನು ಕರೆದುಕೊಂಡು ಹೋದಾಗ ಅಲ್ಲಿ ಅವಳಿಗೆ ನಾನು ಹೇಳಿದ್ದು ಜೋ ಎಂಬವನ ಕಥೆ. ಜೋ ಅಲಾಮೊ ದಂಡನಾಯಕ ಟ್ರಾವಿಸ್‌ನ ಗುಲಾಮ, ಇಪ್ಪತ್ತರ ಆಸುಪಾಸಿನವನು. ಒಡೆಯನ ಪಕ್ಕದಲ್ಲೇ ನಿಂತು ಗುಂಡು ಹಾರಿಸಿದ್ದ. ಒಡೆಯ ಬಿದ್ದದ್ದನ್ನು ಕಣ್ಣಾರೆ ಕಂಡ. ಗುಲಾಮ ಅಂತ ತಿಳಿದು ಸಾಂಟಾ ಆನಾನ ಕಡೆಯವರು ಕೊಲ್ಲದೆ ಬಿಟ್ಟರು. ಅಲಾಮೊ ಕಡೆಯ ಗಂಟೆಗಳ ಕಥೆಯನ್ನು ಹೊಸ ದೇಶದ ಮಂತ್ರಿಮಂಡಲದ ಮುಂದೆ ನಿಂತು ಹೇಳಿದವನು ಜೋ. ಕೇಳಿ ಆದ ಮೇಲೆ ಅವನನ್ನು ಟ್ರಾವಿಸ್‌ನ ಆಸ್ತಿ ನೋಡಿಕೊಳ್ಳುತ್ತಿದ್ದವರಿಗೆ ಒಪ್ಪಿಸಿದರು. ಆಸ್ತಿ ಪಟ್ಟಿಯಲ್ಲಿ ಅವನೂ ಒಂದು ಸಾಮಾನು.

1837ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ತನ್ನ ನೆಲದಲ್ಲಿ ಉಳಿದಿದ್ದ ಗುಲಾಮಗಿರಿಯನ್ನೂ ಪೂರ್ತಿ ತೆಗೆಯಿತು. ಅದೇ ತಿಂಗಳ 21ಕ್ಕೆ ಸ್ಯಾನ್ ಜಸಿಂಟೊ ಗೆಲುವಿಗೆ ಒಂದು ವರ್ಷ. ಅವತ್ತೇ ಜೋ ಓಡಿಹೋದ. ಜೊತೆಗೆ ಒಬ್ಬ ಮೆಕ್ಸಿಕನ್, ಎರಡು ಕುದುರೆ. ಹಿಡಿದುಕೊಟ್ಟವರಿಗೆ 50 ಡಾಲರ್ ಅಂತ ಪತ್ರಿಕೆಯಲ್ಲಿ ಜಾಹೀರಾತು ಬಂತು.